ಏನೇ ಬಂದರೂ ಸೊನ್ನೆ

ನಮ್ಮ ಆಸ್ಪತ್ರೆಯ ಲ್ಯಾಬಿನ ಮೇಲ್ವಿಚಾರಕರಿಗೆ ನಾವಿಟ್ಟ ಹೆಸರು ಹಸಿರು ಸಾಹೇಬರು. ಗಿಡಮರಗಳ ಮೇಲಿನ ಪ್ರೀತಿಗೆ ಬಂದ ಹೆಸರು ಎಂದುಕೊಳ್ಳಬೇಡಿ. ಅವರ ಮೇಜಿನ ಮೇಲಿದ್ದ ಒಂದೇ ಒಂದು ಕುಂಡದ ಗಿಡ ನೀರಿಲ್ಲದೆ ಸತ್ತು ವರ್ಷವಾಯಿತು. ಅವರ ಜೀವ ಇರುವುದು ಗೋಡೆಯ ಮೇಲಿನ ಪರದೆಯಲ್ಲಿ. ದಿನವೂ ಕಂಪ್ಯೂಟರಿನಲ್ಲಿ ಓಡುವ ಇಪ್ಪತ್ತು ಸ್ಕ್ರಿಪ್ಟುಗಳಿಗೆ ಅಲ್ಲಿ ಇಪ್ಪತ್ತು ಚುಕ್ಕೆಗಳು. ಎಲ್ಲವೂ ಹಸಿರಾಗಿದ್ದರೆ ಸಾಹೇಬರು ಮನುಷ್ಯರು. ಒಂದು ಕೆಂಪಾಯಿತೋ, ಅಂದು ನಮ್ಮ ಗ್ರಹಚಾರ ಬಿಡಿಸುತ್ತಾರೆ.

ಆ ಸ್ಕ್ರಿಪ್ಟುಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ಸ್ಕ್ರಿಪ್ಟ್ ಎಂದರೆ ಒಂದರ ಕೆಳಗೊಂದು ಬರೆದ ಕಮಾಂಡುಗಳು, ಅಷ್ಟೆ. ಪ್ರತಿ ಕಮಾಂಡೂ ಕೆಲಸ ಮುಗಿಸಿ ಹೋಗುವಾಗ ಒಂದು ಅಂಕಿ ಬಿಟ್ಟು ಹೋಗುತ್ತದೆ. ಸೊನ್ನೆಯಾದರೆ ಎಲ್ಲ ಸರಿ, ಬೇರೆ ಏನಾದರೂ ತಕರಾರು. ಶಾಲೆಯಲ್ಲಿ ಸೊನ್ನೆ ತಂದು ಬೈಸಿಕೊಂಡ ನನ್ನಂಥವರಿಗೆ ಹೇಳಿ ಮಾಡಿಸಿದ ಲೋಕ.

ಬೆಳಿಗ್ಗೆ ಏಳಕ್ಕೆ ಓಡುವ ಸ್ಕ್ರಿಪ್ಟಿನ ಕೆಲಸ ಸರಳ. ರಕ್ತ ಪರೀಕ್ಷೆಯ ಯಂತ್ರ ಬರೆದಿಟ್ಟ ಫೈಲಿನಲ್ಲಿ ‘ಅಪಾಯ’ ಎಂಬ ಗುರುತಿರುವ ಸಾಲುಗಳನ್ನು ಗ್ರೆಪ್ ಎಂಬ ಕಮಾಂಡು ಹುಡುಕಿ ಪಟ್ಟಿ ಮಾಡುತ್ತದೆ. ಪಟ್ಟಿಯಲ್ಲಿರುವವರಿಗೆ ಲ್ಯಾಬಿನ ಅಕ್ಕ ಫೋನ್ ಮಾಡಿ ಕರೆಸುತ್ತಾರೆ. ಫೋನ್ ಬರಲಿಲ್ಲವೆಂದರೆ ರಕ್ತ ಚೆನ್ನಾಗಿದೆ ಎಂದರ್ಥ. ಇದು ನಮ್ಮಲ್ಲಿ ಬಹುಕಾಲದ ಪದ್ಧತಿ.

ಗ್ರೆಪ್ ಮಹಾಶಯರು ಸ್ವಲ್ಪ ಬಿಗುಮಾನದವರು. ಹುಡುಕಿದ್ದು ಸಿಕ್ಕರೆ ಸೊನ್ನೆ, ಸಿಗದಿದ್ದರೆ ಒಂದು, ಫೈಲನ್ನೇ ತೆರೆಯಲಾಗದಿದ್ದರೆ ಎರಡು. ಅಂದರೆ ಯಾರಿಗೂ ಅಪಾಯವಿಲ್ಲದ ದಿನ ಒಂದು ಬರುತ್ತದೆ, ಚುಕ್ಕೆ ಕೆಂಪಾಗುತ್ತದೆ. ಎಲ್ಲರೂ ಆರೋಗ್ಯವಾಗಿದ್ದಾರೆ ಎಂದು ತಿಳಿದು ಹೌಹಾರುವ ಆಸ್ಪತ್ರೆ ಬೇರೆಲ್ಲೂ ಇರಲಿಕ್ಕಿಲ್ಲ.

“ಆ ಕೆಂಪು ಯಾಕೆ?” ಎಂದು ಸಾಹೇಬರು ಒಮ್ಮೆ ಕೇಳಿದರು.

“ತಪ್ಪೇನಿಲ್ಲ ಸಾರ್. ಇವತ್ತು ಯಾರಿಗೂ ತೊಂದ್ರೆ ಇಲ್ಲ ಅಂತ.”

“ತೊಂದ್ರೆ ಇಲ್ಲ ಅಂದ್ಮೇಲೆ ಹಸಿರು ಬರ್ಬೇಕು ತಾನೆ? ಹಸಿರು ಮಾಡಿ.”

ಒಂದಕ್ಕೂ ಎರಡಕ್ಕೂ ಇರುವ ವ್ಯತ್ಯಾಸವನ್ನು ನಾನು ಸ್ಕ್ರಿಪ್ಟಿಗೆ ಹೇಳಿಕೊಡಬೇಕಿತ್ತು. ಅದಕ್ಕೆ ನಾಲ್ಕು ಸಾಲು ಬೇಕು, ಅರ್ಧ ಗಂಟೆ ಬೇಕು. ಊಟದ ಹೊತ್ತಾಗಿತ್ತು. ಸಾಲಿನ ಕೊನೆಗೆ, ಏನೇ ಬಂದರೂ ಸೊನ್ನೆ ಎಂದುಕೋ ಎಂಬ ಪುಟ್ಟ ಬಾಲ ಅಂಟಿಸಿ ಕೈತೊಳೆದುಕೊಂಡೆ. ಅಂದಿನಿಂದ ಚುಕ್ಕೆ ಹಸಿರೋ ಹಸಿರು. ಸಾಹೇಬರು ಸಭೆಯಲ್ಲಿ ನನ್ನನ್ನು ಹೊಗಳಿ ಅಟ್ಟಕ್ಕೇರಿಸಿದರು. ನಾನೂ ಏರಿ ಕೂತೆ.

ಕಳೆದ ವಾರ ನಮ್ಮ ಚಿಕ್ಕಪ್ಪ ಇಲ್ಲಿಗೇ ಬಂದು ರಕ್ತ ಕೊಟ್ಟು ಹೋಗಿದ್ದರು. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಸಾಕಿದವರು ಅವರು. ಅವರಿಗೆ ಡಾಕ್ಟರ ಮೇಲೆ ನಂಬಿಕೆಯಿಲ್ಲ, ನನ್ನ ಮೇಲಿದೆ. ಎರಡು ದಿನ ಬಿಟ್ಟು ಫೋನ್ ಮಾಡಿ, “ರಿಪೋರ್ಟ್ ಏನಾಯ್ತಮ್ಮ?” ಎಂದರು.

ನಾನು ಕತ್ತೆತ್ತಿ ಪರದೆ ನೋಡಿದೆ. ಹಸಿರು. “ಲ್ಯಾಬಿಂದ ಫೋನ್ ಬಂದಿಲ್ಲ ಅಂದ್ರೆ ಚೆನ್ನಾಗಿದೆ ಅಂತ ಚಿಕ್ಕಪ್ಪ. ಸುಮ್ನೆ ತಲೆ ಕೆಡಿಸ್ಕೋಬೇಡಿ,” ಎಂದೆ.

ಈ ಬೆಳಿಗ್ಗೆ ಲ್ಯಾಬಿನ ಅಕ್ಕ ನನ್ನ ಮೇಜಿನ ಮುಂದೆ ಬಂದು ನಿಂತರು.

“ನಾನು ಫೋನ್ ಮುಟ್ಟಿ ಹನ್ನೊಂದು ದಿನ ಆಯ್ತು. ಊರಲ್ಲಿ ಎಲ್ರೂ ಒಟ್ಟಿಗೆ ಹುಷಾರಾಗ್ಬಿಟ್ರಾ?”

ಬಾಲ ಕತ್ತರಿಸಿ ಸ್ಕ್ರಿಪ್ಟನ್ನು ಓಡಿಸಿದೆ. ಎರಡು ಬಂತು. ಮತ್ತೆ ಓಡಿಸಿದೆ. ಮತ್ತೆ ಎರಡು. ಹನ್ನೊಂದು ದಿನದ ಹಿಂದೆ ಹೊಸ ಯಂತ್ರ ಬಂದಿತ್ತು. ಅದು ಫೈಲುಗಳನ್ನು ಬೇರೊಂದು ಫೋಲ್ಡರಿನಲ್ಲಿ ಇಡುತ್ತಿತ್ತು. ಫೈಲೇ ಇಲ್ಲವೆಂದು ಗ್ರೆಪ್ ದಿನವೂ ಹೇಳುತ್ತಿತ್ತು, ನಾನು ಅಂಟಿಸಿದ ಬಾಲ ದಿನವೂ ಅದರ ಬಾಯಿ ಮುಚ್ಚಿಸುತ್ತಿತ್ತು. ಎದ್ದು ಸಾಹೇಬರ ಹತ್ತಿರ ಹೋದೆ.

ಸಾಹೇಬರು ಎಲ್ಲವನ್ನೂ ಕೇಳಿಸಿಕೊಂಡು ಕನ್ನಡಕ ಒರೆಸಿಕೊಂಡರು.

“ನಾಳೆ ತಪಾಸಣೆಯವರು ಬರ್ತಿದ್ದಾರೆ. ಇವತ್ತು ಒಂದೇ ಸಲ ಅಷ್ಟೊಂದು ಜನಕ್ಕೆ ಫೋನ್ ಮಾಡಿದ್ರೆ, ಹನ್ನೊಂದು ದಿನ ಏನ್ಮಾಡ್ತಿದ್ರಿ ಅಂತ ಕೇಳ್ತಾರೆ. ಅವರು ಹೋದ್ಮೇಲೆ ನೋಡೋಣ. ಎರಡು ದಿನದಲ್ಲಿ ಏನು ಮುಳುಗಿ ಹೋಗುತ್ತೆ?”

ಏನೇ ಬಂದರೂ ಸೊನ್ನೆ ಎನ್ನುವ ವಿದ್ಯೆಯನ್ನು ನಾನೇ ಕಂಡುಹಿಡಿದೆ ಎಂದು ಬೀಗಿದ್ದೆ. ನನ್ನ ಗುರುಗಳು ಎದುರಿಗೇ ಕೂತಿದ್ದರು. ಅವರ ಮೇಲೆ ಸಿಟ್ಟು ಬಂತು, ಆದರೆ ಸಾಲು ಬರೆದ ಕೈ ನನ್ನದಾದ್ದರಿಂದ ಸಿಟ್ಟನ್ನು ಪೂರ್ತಿ ಅವರಿಗೇ ಕೊಡಲಾಗಲಿಲ್ಲ. ವಾಪಸು ಬಂದು ಹೊಸ ಫೋಲ್ಡರಿನ ಹೆಸರು ಹಾಕಿ, ಹನ್ನೊಂದು ದಿನದ ಪಟ್ಟಿ ತೆಗೆದು ಅಕ್ಕನ ಕೈಗೆ ಕೊಟ್ಟೆ. ಇಪ್ಪತ್ತಾರು ಹೆಸರು.

ಅಕ್ಕ ಏಳನೆಯ ಸಾಲಿನ ಮೇಲೆ ಬೆರಳಿಟ್ಟು, “ಇವರ ಪೊಟ್ಯಾಸಿಯಂ ತುಂಬಾ ಏರಿದೆ. ಹೃದಯಕ್ಕೆ ಅಪಾಯ, ಮೊದಲು ಇವರಿಗೆ,” ಎಂದರು. ಅದು ಚಿಕ್ಕಪ್ಪನ ಹೆಸರು.

“ಇದು ನಾನು ಮಾಡ್ತೀನಿ ಅಕ್ಕ,” ಎಂದೆ. ಉಳಿದವರ ಸಂಖ್ಯೆಗಳನ್ನು ಅವರು ಒತ್ತತೊಡಗಿದರು.

ಚಿಕ್ಕಪ್ಪ ಫೋನ್ ಎತ್ತುವುದಕ್ಕೆ ಬಹಳ ಹೊತ್ತು ಹಿಡಿಯಿತು.

“ಚಿಕ್ಕಪ್ಪ, ನಿಮ್ಮ ರಿಪೋರ್ಟ್ ಚೆನ್ನಾಗಿಲ್ಲ. ಈಗ್ಲೇ ಆಸ್ಪತ್ರೆಗೆ ಬರ್ಬೇಕು. ಅವತ್ತು ನಾನು ನೋಡದೇ ಹೇಳಿದ್ದು.”

 

“ಗಾಡಿ ಕಳ್ಸಮ್ಮ,” ಎಂದರು. “ನಾಲ್ಕು ದಿನದಿಂದ ಕಾಲಲ್ಲಿ ಶಕ್ತಿನೇ ಇಲ್ಲ, ಗೋಡೆ ಹಿಡ್ಕೊಂಡು ಓಡಾಡ್ತಿದೀನಿ. ನೀನು ಚೆನ್ನಾಗಿದೆ ಅಂದಿದ್ಯಲ್ಲ, ಅದಕ್ಕೇ ನಿಮ್ಮ ಚಿಕ್ಕಮ್ಮಂಗೂ ಹೇಳ್ಲಿಲ್ಲ.”