ಗಸಗಸೆಯಷ್ಟು ಬುಧ

ಗುಬ್ಬಿಯ ಹೊನ್ನಯ್ಯ ಹದಿನೇಳು ವರ್ಷದಿಂದ ತೆಗೆದ ಫೋಟೋಗಳಲ್ಲಿ ಯಾರೊಬ್ಬರ ಮುಖದಲ್ಲೂ ಒಂದು ಮಚ್ಚೆಯೂ ಇರಲಿಲ್ಲ. ಅದು ಅವನ ಹೆಂಡತಿ ರೇವಮ್ಮನ ಕೈಚಳಕ. ತಂತಿಗೆ ನೇತುಹಾಕಿದ ನೆಗೆಟಿವ್ ಒಣಗಿತೆಂದರೆ ಸಾಕು, ಯಾರೂ ಹೇಳಬೇಕಿರಲಿಲ್ಲ. ಅದನ್ನು ಕಿಟಕಿಯ ಬೆಳಕಿಗೆ ಒರಗಿಸಿ, ಸೂಜಿಯಂಥ ಪೆನ್ಸಿಲಿನಿಂದ ಮೊಡವೆ, ಸಿಡುಬಿನ ಕಲೆ ಎಲ್ಲವನ್ನೂ ಮುಚ್ಚಿಬಿಡುತ್ತಿದ್ದಳು. ಗಂಡಿನ ಕಡೆಯವರು ಫೋಟೋ ನೋಡಿ ಒಪ್ಪಿ, ಮುಖ ನೋಡಿ ಜಗಳ ತೆಗೆದದ್ದೂ ಉಂಟು.

೧೯೮೬ರ ನವೆಂಬರ್ ಹದಿಮೂರರಂದು ಮಾತ್ರ ಹೊನ್ನಯ್ಯನಿಗೆ ಕಲೆಯೇ ಬೇಕಾಗಿತ್ತು.

ಆ ಬೆಳಿಗ್ಗೆ ಬುಧಗ್ರಹ ಸೂರ್ಯನ ಮುಂದೆ ಹಾದುಹೋಗುವುದಿತ್ತು. ತುಮಕೂರಿನ ವಿಜ್ಞಾನದ ಮೇಷ್ಟ್ರು ಗಂಗಹನುಮಯ್ಯ ದೂರದರ್ಶಕ ಹೊತ್ತು ಮೊದಲ ಬಸ್ಸಿಗೇ ಬಂದಿಳಿದರು. ಸೂರ್ಯನನ್ನು ನೇರ ನೋಡಿದರೆ ಕಣ್ಣು ಹೋಗುತ್ತದೆ. ಅದಕ್ಕೇ ಸ್ಟುಡಿಯೋದ ತಾರಸಿಯಲ್ಲಿ ಬಿಳಿ ರಟ್ಟೊಂದರ ಮೇಲೆ ದೂರದರ್ಶಕದ ಬೆಳಕು ಬೀಳಿಸಿ, ಆ ರಟ್ಟಿನ ಫೋಟೋ ತೆಗೆಯುವುದೆಂದಾಯಿತು. ತಟ್ಟೆಯಗಲದ ಬೆಳಕಿನಲ್ಲಿ ಗಸಗಸೆಯಷ್ಟು ಕಪ್ಪು.

"ಇದೇನ್ ಮೇಷ್ಟ್ರೇ, ಗ್ರಹ ಅಂತ ಗ್ರಹ! ನೊಣದ ಕಣ್ಣಷ್ಟೂ ಇಲ್ಲ."

"ಸುಮ್ನೆ ಒತ್ತಯ್ಯ, ಮೋಡ ಬರ್ತೈತೆ."

ಮೋಡ ಬಂದೇ ಬಂತು. ಎಂಟು ಗಂಟೆಗೊಂದು, ಹತ್ತೂವರೆಗೊಂದು, ಎರಡೇ ಫೋಟೋ ದಕ್ಕಿದವು. ಮದುಮಕ್ಕಳು, ಹಾಲ್ ಟಿಕೆಟ್ಟಿನ ಮುಖಗಳು, ಕುರ್ಚಿಗೆ ಒರಗಿಸಿದ ಹೆಣಗಳು: ಈವರೆಗೆ ಹೊನ್ನಯ್ಯ ತೆಗೆದದ್ದೆಲ್ಲ ಬೇರೆಯವರು ಹೇಳಿದ್ದು. ತನಗೆಂದು ತೆಗೆದದ್ದು ಇವೆರಡೇ. ಫಿಲ್ಮ್ ತೊಳೆದು ಒಣಹಾಕಿ, ಮೇಷ್ಟ್ರನ್ನು ಬಸ್ಸಿಗೆ ಹತ್ತಿಸಿ, ಹೋಟೆಲಿನಲ್ಲಿ ಸಿಕ್ಕವರಿಗೆಲ್ಲ ಸುದ್ದಿ ಹೇಳಿ ಬಂದವನೇ ಕತ್ತಲೆಕೋಣೆ ಹೊಕ್ಕ.

ಟ್ರೇಯ ದ್ರಾವಣದಲ್ಲಿ ಅದ್ದಿದ ಕಾಗದದ ಮೇಲೆ ಸೂರ್ಯ ಮೆಲ್ಲಗೆ ಮೂಡಿದ. ದುಂಡಗೆ, ನುಣ್ಣಗೆ. ಚುಕ್ಕೆ ಇರಲಿಲ್ಲ. ಎರಡನೆಯದರಲ್ಲೂ ಇಲ್ಲ.

ಹೊರಬಂದು ಗಿರಾಕಿಗಳ ಬೆಂಚಿನ ಮೇಲೆ ಕುಸಿದ.

"ಯಾಕ್ರೀ, ಮುಖ ಹಿಂಗೈತೆ?" ರೇವಮ್ಮ ಕೇಳಿದಳು.

"ಚುಕ್ಕೆ ಬಂದಿಲ್ಲ ಕಣೇ. ನನ್ನ ಹಣೇಲೇ ಇಲ್ಲ ಬುಡು."

"ಯಾವ ಚುಕ್ಕೆ? ಬೆಳ್ಳಾವಿ ಮದ್ವೆ ನೆಗೆಟಿವ್ ಪಕ್ಕ ನೇತಾಡ್ತಿದ್ವಲ್ಲ, ಆ ಬೆಳ್ಳಿ ತಟ್ಟೇದಾ? ಒಂದೊಂದ್ರಲ್ಲೂ ಮೂರು ಕಲೆ ಇದ್ವು. ಎಲ್ಲಾ ತೆಗೆದೆ."

"ಅದು ತಟ್ಟೆ ಅಲ್ಲ, ಸೂರ್ಯ!"

"ಸೂರ್ಯ ಅಂದ್ರೆ ಕಿರಣಗಿರಣ ಇರ್ತವೆ ಅನ್ಕಂಡಿದ್ದೆ. ಉಡುಗೊರೆ ತಟ್ಟೆ ಅಂತ ಇನ್ನೂ ಚೆನ್ನಾಗಿ ತಿದ್ದಿದೆ ಕಣ್ರೀ."

ಚಾಕುವಿನಲ್ಲಿ ಕೆರೆದಿದ್ದರೆ ಮುಗಿದೇ ಹೋಯಿತು; ಪೆನ್ಸಿಲ್ಲಾದರೆ ಒರೆಸಬಹುದು.

"ಚಾಕೋ, ಪೆನ್ಸಿಲ್ಲೋ?"

"ಪೆನ್ಸಿಲ್ಲು."

ಅವಳೇ ಹತ್ತಿಯನ್ನು ಟರ್ಪೆಂಟೈನಿಗೆ ಅದ್ದಿ, ಮಗುವಿನ ಕಿವಿ ಒರೆಸುವಂತೆ ಒರೆಸಿದಳು. ಎರಡು ನೆಗೆಟಿವಿನಲ್ಲೂ ಮೂರು ಮೂರು ಚುಕ್ಕೆ ತಿರುಗಿ ಬಂದವು. ರಟ್ಟಿನ ಮೇಲಿನ ಕೊಳೆ ಯಾವುದು, ಗ್ರಹ ಯಾವುದು? ಬೆಳಿಗ್ಗೆ ಕಣ್ಣಾರೆ ಕಂಡವನಿಗೇ ಈಗ ಮೂರೂ ಬುಧನಂತೆ ಕಂಡವು.

ರೇವಮ್ಮ ಒಂದರ ಮೇಲೊಂದಿಟ್ಟು ಕಿಟಕಿಗೆ ಹಿಡಿದಳು. ಅಂಚಿಗೆ ಅಂಚು ಹೊಂದಿಸಿದಳು.

"ಇವೆರಡೂ ಕುಂತಲ್ಲೇ ಕುಂತವೆ. ಇದೊಂದು ನಡೆದೈತೆ ನೋಡ್ರಿ. ಇಲ್ಲಿಂದ ಇಲ್ಲಿಗೆ."

ಹೊನ್ನಯ್ಯ ನೋಡಿದ. ಹೌದು, ನಡೆದಿತ್ತು. ಖುಷಿಗೆ ಅವಳ ಬೆನ್ನಿಗೊಂದು ಗುದ್ದಿದ.

"ಥೂ, ಬುಡ್ರಿ! ನೆಗೆಟಿವ್ ಬೀಳ್ತದೆ." ಅವಳು ಇನ್ನೂ ಆ ಚುಕ್ಕೆಯನ್ನೇ ನೋಡುತ್ತಿದ್ದಳು. "ಇದು ಈಗ್ಲೂ ಕಾಣ್ತದಾ ಮೇಲೆ?"

"ಇಲ್ಲ ಕಣೇ, ಮಧ್ಯಾಹ್ನಕ್ಕೇ ದಾಟಿಹೋಯ್ತು. ಇನ್ನು ಏಳು ವರ್ಷ."

"ಹೋಟ್ಲೋರಿಗೆಲ್ಲಾ ಹೇಳಿದ್ರಿ. ಕೆಳಗೇ ಇದ್ನಲ್ಲ, ನನ್ನೂ ಒಂದ್ಸಲ ಕೂಗಿದ್ರೆ ನಾನ್ಯಾಕೆ ಅಳಿಸ್ತಿದ್ದೆ?"

ತಾರಸಿಗೆ ಹದಿನೇಳೇ ಮೆಟ್ಟಿಲು, ಕೂಗಿದ್ದರೆ ಸಾಕಿತ್ತು. ಹೊನ್ನಯ್ಯ ಬೆಂಚಿನ ಮೇಲೆ ಕೂತು, ಸರಿದು ಅವಳಿಗೆ ಜಾಗ ಮಾಡಿಕೊಟ್ಟ. ಮೇಷ್ಟ್ರು ಬಸ್ಸಿಳಿದದ್ದರಿಂದ ಹಿಡಿದು ಮೋಡ ಮುಸುಕಿದ್ದರವರೆಗೆ, ಒಂದೂ ಬಿಡದೆ, ಅವಳಿಗೆ ಹೇಳತೊಡಗಿದ.