ಗುಂಡಿ ಕಲಕುವ ದಿನ

ಕರುಮನೆಯ ಅಮ್ಮನಿಗೆ ಮೂಗೇ ಇಲ್ಲ ಅಂತ ಡೈರಿಯಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದರು. ಮೂಗು ಇತ್ತು, ನೆಟ್ಟಗೆ ಚೆನ್ನಾಗಿಯೇ ಇತ್ತು. ವಾಸನೆ ಹಿಡಿಯುವ ಕೆಲಸವನ್ನು ಮಾತ್ರ ಅದು ಎಂದೋ ಬಿಟ್ಟುಬಿಟ್ಟಿತ್ತು. ಸಗಣಿ, ಗಂಜಲ, ಹುಳಿತ ಹಾಲು, ಔಷಧದ ನೀರು ಇವುಗಳ ನಡುವೆ ವರ್ಷಗಟ್ಟಲೆ ದುಡಿದ ಮೂಗು ಇನ್ನೇನು ಮಾಡೀತು ಪಾಪ! ಮನೆಯಲ್ಲಿ ಒಲೆಯ ಮೇಲಿಟ್ಟದ್ದು ಸೀದು ಕರಕಲಾದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಒಳಕೋಣೆಯಿಂದ ಮಗಳೇ ಓಡಿಬಂದು ಒಲೆ ಆರಿಸಿ, ನಿನ್ನ ಮೂಗನ್ನ ಯಾರಿಗಾದರೂ ದಾನ ಮಾಡಿಬಿಡಮ್ಮ ಎಂದು ರೇಗಿಸುತ್ತಿದ್ದಳು. ಆಮೇಲೆ ತಾಯಿ ಮಗಳಿಬ್ಬರೂ ಸೇರಿ ತಳ ಹಿಡಿದ ಪಾತ್ರೆ ಉಜ್ಜುತ್ತಿದ್ದರು.

ಸಾವಿರಾರು ಹಸುಗಳ ಡೈರಿ ಅದು. ಹಸು ಅಂದ ಕೂಡಲೇ ಹಸಿರು ಹುಲ್ಲುಗಾವಲನ್ನು ಕಣ್ಮುಂದೆ ತಂದುಕೊಳ್ಳಬೇಡಿ. ತಗಡು ಹೊದಿಸಿದ ಉದ್ದುದ್ದ ಶೆಡ್ಡುಗಳು, ಕಾಂಕ್ರೀಟು ನೆಲ, ಕಬ್ಬಿಣದ ಕಂಬಿ. ಹುಟ್ಟಿದಾಗಿನಿಂದ ಮಣ್ಣಿನ ಮೇಲೆ ಕಾಲೂರದ ದನಗಳು. ಹಸು ಈದ ದಿನವೇ ಕರುವನ್ನು ಎಳೆದು ಕರುಮನೆಗೆ ತರುತ್ತಿದ್ದರು. ಹೆಣ್ಣಾದರೆ ಬದುಕಿತು. ಗಂಡಾದರೆ ಕಿವಿಗೊಂದು ಬಿಲ್ಲೆ ಹೊಡೆಸಿಕೊಂಡು ವ್ಯಾನು ಹತ್ತಿತು, ವ್ಯಾನು ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಆಚೆ ಶೆಡ್ಡಿನಲ್ಲಿ ತಾಯಿಹಸು ಗಂಟಲು ಹರಿಯುವಂತೆ ಕೂಗುತ್ತಿದ್ದರೆ, ಈಚೆ ಇವಳು ಬಾಟಲಿಗೆ ರಬ್ಬರು ತೊಟ್ಟು ಸಿಕ್ಕಿಸಿ ಕರುವಿನ ಬಾಯಿಗೆ ಹಿಡಿಯುವಳು. ಹಟ ಹಿಡಿದು ಕುಡಿಯದ ಕರುವಿಗೆ ತನ್ನ ಬೆರಳು ಚೀಪಿಸಿ ರೂಢಿ ಮಾಡಿಸುವಳು. ಹೊಟ್ಟೆಪಾಡು, ಏನು ಮಾಡುವುದು. ಆ ಕೂಗು ಕೇಳಿ ಕೇಳಿ ಅವಳ ಕಿವಿಯೂ ಮೂಗಿನ ದಾರಿಯನ್ನೇ ಹಿಡಿದಿತ್ತು ಅನ್ನಿ.

ಮಗಳ ಕಿವಿ ಹಾಗಿರಲಿಲ್ಲ. ಡೈರಿಯ ಕ್ವಾರ್ಟರ್ಸಿನಲ್ಲೇ ಹುಟ್ಟಿ, ಆ ಹಾಲನ್ನೇ ಕುಡಿದು ಬೆಳೆದ ಹುಡುಗಿ. ಗಂಡನನ್ನು ಕಳೆದುಕೊಂಡ ತಾಯಿಗೆ ಇದ್ದವಳು ಅವಳೊಬ್ಬಳೇ. ಸಣ್ಣಗಿದ್ದಾಳೆಂದು ತಾಯಿ 'ಗುಬ್ಬಿ' ಅನ್ನುತ್ತಿದ್ದಳು. ಪೇಟೆಯ ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿದ ಮೇಲೆ ಗುಬ್ಬಿಗೆ ಹೊಸ ಸ್ನೇಹಿತರಾದರು. ಪ್ರಾಣಿಗಳ ಪರ ಮಾತಾಡುವ ಗುಂಪು ಅದು. ಡೈರಿಯ ಮುಂಬಾಗಿಲಲ್ಲಿ ಬೋರ್ಡು ಹಿಡಿದು ನಿಲ್ಲುತ್ತಿದ್ದರು. ಮೊದಲು ಮಗಳು ಹಾಲು ಬಿಟ್ಟಳು. ಆಮೇಲೆ ಮೊಸರು, ಬೆಣ್ಣೆ. ಮನೆಯಲ್ಲಿ ಲೋಟದ ಹಾಲು ಹಾಗೇ ಕೆನೆಗಟ್ಟಿ ಕೂತಿತು. ತಾಯಿಗೆ ಅದನ್ನು ಕಂಡರೆ ಮಗಳು ಹಾಲನ್ನಲ್ಲ, ತನ್ನನ್ನೇ ಆಚೆ ತಳ್ಳುತ್ತಿದ್ದಾಳೆ ಅನ್ನಿಸುತ್ತಿತ್ತು.

ಒಂದು ಸಂಜೆ ಇದೇ ಮಾತು ಎದ್ದಾಗ, ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು ಎಂದು ತಾಯಿ ಬೈದಳು.

"ಉಪ್ಪು ತಿಂದಿದ್ದೀವಮ್ಮ, ಇಲ್ಲ ಅಂದ್ನಾ? ಈಗ ಅವರ ಸಗಣಿ ಕುಡೀತಿದ್ದೀವಲ್ಲ, ಅದಕ್ಕೇನಂತೀಯ?"

ಮಗಳ ಮಾತಿನಲ್ಲಿ ಸುಳ್ಳಿರಲಿಲ್ಲ. ಕ್ವಾರ್ಟರ್ಸಿನ ಪಕ್ಕದ ತೊರೆಯಲ್ಲಿ ಮೀನು ಹೊಟ್ಟೆ ಮೇಲೆ ಮಾಡಿಕೊಂಡು ತೇಲುತ್ತಿದ್ದವು. ಬಾವಿಯ ನೀರು ಕೊಡದಲ್ಲಿ ನಿಂತರೆ ಮೇಲೆ ಹಸಿರು ಪಾಚಿ ಕಟ್ಟುತ್ತಿತ್ತು. ನೆರೆಮನೆಯ ಮಕ್ಕಳು ಕಾಲು ಕೆರೆದು ಕೆರೆದು ಹುಣ್ಣು ಮಾಡಿಕೊಂಡಿದ್ದವು. ಇದಕ್ಕೆಲ್ಲ ಮೂಲ ಡೈರಿಯ ಹಿಂದಿನ ಗೊಬ್ಬರದ ಗುಂಡಿ ಎಂಬುದು ಊರಿಗೇ ಗೊತ್ತಿತ್ತು.

ಗುಂಡಿ ಅಂದರೆ ಮನೆ ಹಿಂದಿನ ತಿಪ್ಪೆಗುಂಡಿಯಲ್ಲ. ಕೆರೆಯಷ್ಟು ದೊಡ್ಡ ಕಾಂಕ್ರೀಟಿನ ತೊಟ್ಟಿ. ಅಷ್ಟೂ ಶೆಡ್ಡುಗಳ ಸಗಣಿ, ಗಂಜಲ ತೊಳೆದ ನೀರಿನೊಂದಿಗೆ ಬಂದು ಅಲ್ಲಿ ಬೀಳಬೇಕು. ದಿನ ಕಳೆದಂತೆ ಮೇಲೆ ದಪ್ಪನೆಯ ಹೆಪ್ಪುಗಟ್ಟುತ್ತದೆ. ಅದನ್ನು ಟ್ರ್ಯಾಕ್ಟರಿಗೆ ಜೋಡಿಸಿದ ಉದ್ದನೆಯ ರೆಕ್ಕೆಯಿಂದ ಕಲಕಿ ತೆಳ್ಳಗೆ ಮಾಡಿ, ಟ್ಯಾಂಕರಿನಲ್ಲಿ ದೂರದ ಹೊಲಗಳಿಗೆ ಸಾಗಿಸಬೇಕೆಂದು ಕಾನೂನು. ಸಾಗಿಸುವ ಉಸಾಬರಿ ಯಾರಿಗೆ ಬೇಕು? ಮೋಡ ಕವಿದು ಇನ್ನೇನು ಮಳೆ ಬಂತು ಅನ್ನುವ ಮಧ್ಯಾಹ್ನ ನೋಡಿ ಕಲಕುತ್ತಿದ್ದರು. ಗುಂಡಿಯ ಗೋಡೆಯಾಚೆ, ಮೆಟ್ಟಿಲಿಳಿದು ಹೋಗುವಂಥ ಒಂದು ತಗ್ಗಿತ್ತು, ಸುತ್ತ ಆಳೆತ್ತರದ ಕಟ್ಟೆ. ಅಲ್ಲಿದ್ದ ಕೊಳವೆಯ ತಿರುಪು ಬಿಚ್ಚಿದರೆ ಎಲ್ಲ ಕಾಲುವೆ ಹಿಡಿದು ಸೀದಾ ತೊರೆಗೆ. ಹಿಂದೆಯೇ ಮಳೆ ಬಂದು ಕಳ್ಳತನದ ಗುರುತನ್ನೂ ತೊಳೆದುಬಿಡುತ್ತಿತ್ತು.

ಗುಂಡಿ ಕಲಕುವ ದಿನ ಗೋಡೆಯಾಚೆ ಯಾರೂ ಕಾಲಿಡಕೂಡದು, ಇಟ್ಟವರಿಗೆ ಅಂದೇ ಕೆಲಸ ಇಲ್ಲ ಎಂದು ಮ್ಯಾನೇಜರ್ ಕಟ್ಟಪ್ಪಣೆ ಮಾಡಿದ್ದ. ಯಾಕೆ ಅಂತ ಅವನು ಹೇಳಲಿಲ್ಲ, ಇವರು ಕೇಳಲಿಲ್ಲ. ಕೇಳುವುದಕ್ಕೇನಿದೆ? ಕಳ್ಳನ ಮನಸ್ಸು ಹುಳ್ಳುಳ್ಳಗೆ. ತಿರುಪು ಬಿಚ್ಚುವುದನ್ನು ಯಾರೂ ನೋಡಬಾರದು, ಅಷ್ಟೇ ತಾನೆ ಎಂದು ಎಲ್ಲರೂ ಒಳಗೊಳಗೇ ನಕ್ಕರು. ತಿರುಪು ಬಿಚ್ಚುವ ಪಂಪಿನವನಂತೂ ಆ ತಗ್ಗಿಗೆ ಇಳಿಯುತ್ತಲೇ ಇರಲಿಲ್ಲ. ಮೇಲೆಯೇ ನಿಂತು ಉದ್ದನೆಯ ಕಬ್ಬಿಣದ ಕೋಲು ಇಳಿಬಿಟ್ಟು, ಮುಖ ಅತ್ತ ತಿರುಗಿಸಿ ತಿರುಪು ತಿರುವುತ್ತಿದ್ದ. ನಾಲ್ಕು ಮೆಟ್ಟಿಲು ಇಳಿಯಲೂ ಮೈಬಗ್ಗದು ಎಂದು ಅವನಿಗೆ 'ಮೈಗಳ್ಳ' ಎಂದೇ ಹೆಸರಾಯಿತು. ಅವನೂ ಆ ಹೆಸರಿಗೆ ಓಗೊಡುತ್ತಿದ್ದ.

ಕಲಕುವ ಹೊತ್ತಿಗೆ ಕೆಲಸದವರನ್ನೆಲ್ಲ ಮುಂದಿನ ಶೆಡ್ಡುಗಳಿಗೆ ಅಟ್ಟುತ್ತಿದ್ದರು. ತಾಯಿ ಕರುಮನೆಗೆ ತಿರುಗಿ ಬಂದು ನೋಡಿದರೆ, ಗುಂಡಿಯ ಗೋಡೆಗೆ ಅಂಟಿಕೊಂಡ ಕೊನೆಯ ಅಂಕಣದಲ್ಲಿ ಒಂದೋ ಎರಡೋ ಕರು ಕಾಲು ಚಾಚಿ ಬಿದ್ದಿರುತ್ತಿದ್ದವು. ದನದ ಡಾಕ್ಟರು ಒಮ್ಮೆ ಭೇದಿ ಅಂದರು, ಒಮ್ಮೆ ಥಂಡಿ ಅಂದರು. ಬೆರಳು ಚೀಪಿಸಿ ಬದುಕಿಸಿದ ಕರುಗಳು. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಅತ್ತು, ಹಿಂಗಾಲು ಹಿಡಿದು ಆಚೆ ಎಳೆದುಹಾಕುತ್ತಿದ್ದಳು. ಮಾರನೆಯ ದಿನ ಆ ಅಂಕಣಕ್ಕೆ ಹೊಸ ಕರು ಬರುತ್ತಿತ್ತು.

ಗುಬ್ಬಿಯ ಗುಂಪು ಕಚೇರಿಯಿಂದ ಕಚೇರಿಗೆ ಅಲೆಯಿತು. ಸತ್ತ ಮೀನನ್ನು ಒಯ್ದು ಸಾಹೇಬರ ಮೇಜಿನ ಮೇಲೆ ಇಟ್ಟರೂ, ಡೈರಿಯಿಂದಲೇ ಬಂತು ಅನ್ನುವುದಕ್ಕೆ ಪುರಾವೆ ಎಲ್ಲಿ ಅಂದರು. ಗುಂಪಿನಲ್ಲಿದ್ದ ಡ್ರಾಯಿಂಗ್ ಮೇಷ್ಟರು ವಿಡಿಯೋ ತೆಗೆಯುತ್ತೇನೆಂದು ಮುಂಬೇಲಿ ಹತ್ತಿ, ಕಾವಲುಗಾರರ ಕೈಗೆ ಸಿಕ್ಕಿ ತೋಳು ಮುರಿಸಿಕೊಂಡು ಬಂದರು. ಈಗ ಬೇಲಿ ಹತ್ತುವ ಸರದಿ ನನ್ನದು ಎಂದು ಗುಬ್ಬಿ ಊಟಕ್ಕೆ ಕೂತಾಗ ಹೇಳಿದಳು.

ತಾಯಿಯ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು. ಅತ್ತಳು, ಬೈದಳು, ನಾನು ಸತ್ತಮೇಲೆ ಏನಾದರೂ ಮಾಡಿಕೋ ಅಂದಳು. ಮಗಳು ಜಗ್ಗಲಿಲ್ಲ. ಹೆತ್ತ ಕರುಳು ಲೆಕ್ಕ ಹಾಕುವ ರೀತಿಯೇ ಬೇರೆ. ಹೋಗಬೇಡ ಅಂದರೆ ಕೇಳುವವಳಲ್ಲ. ಹೋಗುವುದೇ ಆದರೆ ಪೆಟ್ಟು ಬೀಳದ ಜಾಗಕ್ಕೆ ಹೋಗಲಿ. ಕಾವಲುಗಾರ, ಮ್ಯಾನೇಜರ್, ಕಡೆಗೆ ಮೈಗಳ್ಳ ಕೂಡ ಕಾಲಿಡದ ಜಾಗ ಯಾವುದು ಎಂದು ಯೋಚಿಸಿದಳು. ಒಂದೇ ಇತ್ತು.

"ಬೇಲಿ ಹತ್ತಬೇಡ ಗುಬ್ಬಿ," ಅಂದಳು. "ಹಿಂದಿನ ಕಾಲುವೆ ಕಡೆಯಿಂದ ಬಾ. ಗುಂಡಿ ಗೋಡೆ ಆಚೆ ಒಂದು ತಗ್ಗಿದೆ, ಅಲ್ಲಿ ಮೂಲೆಯಲ್ಲಿ ಕೂತ್ಕೋ. ಕಲಕೋ ಹೊತ್ತಲ್ಲಿ ಅಲ್ಲಿಗೆ ಒಂದು ನರಪಿಳ್ಳೆನೂ ಇಳಿಯಲ್ಲ, ಮೈಗಳ್ಳನೂ ಮೇಲೆ ಮುಖ ತಿರುಗಿಸ್ಕೊಂಡೇ ನಿಂತಿರ್ತಾನೆ."

ಮಗಳು ಎದ್ದು ಬಂದು ತಾಯಿಯ ಕೊರಳಿಗೆ ಜೋತುಬಿದ್ದಳು. ಎಷ್ಟು ದಿನವಾಗಿತ್ತು ಹಾಗೆ ಮಾಡಿ! ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರೆ. ಆದರೆ ಆ ಗಳಿಗೆಯಲ್ಲಿ ತಾಯಿಗೆ ಹೊಳೆದದ್ದು ಒಂದೇ, ಮಗಳು ಮತ್ತೆ ತನ್ನವಳಾದಳು ಅನ್ನುವುದು.

ಮೋಡ ಇಳಿದು ಗಾಳಿ ನಿಂತುಹೋದ ಒಂದು ಮಧ್ಯಾಹ್ನ ಟ್ರ್ಯಾಕ್ಟರು ಗುಡುಗಿತು. ಎಲ್ಲರೂ ಮುಂದಿನ ಶೆಡ್ಡಿಗೆ ಹೋದರು. ಇವಳು ಮಾತ್ರ ಎಳೆಗರುವಿಗೆ ಹಾಲು ಕುಡಿಸುವ ನೆಪ ಹೇಳಿ ಕರುಮನೆಯಲ್ಲೇ ಉಳಿದಳು. ಗೋಡೆಯ ಆ ಬದಿಗೆ ಮಗಳಿದ್ದಾಳೆ, ಈ ಬದಿಗೆ ತಾನಿದ್ದೇನೆ. ಯಾರಾದರೂ ಅತ್ತ ಹೊರಟರೆ ಏನಾದರೂ ಮಾತು ತೆಗೆದು ತಡೆದರಾಯಿತು ಅನ್ನುವುದು ಅವಳ ಎಣಿಕೆ. ಕೊನೆಯ ಅಂಕಣದಲ್ಲಿ ಹಣೆಯ ಮೇಲೆ ಬಿಳಿ ಬೊಟ್ಟಿದ್ದ ಕರು ಬಾಟಲಿ ಕಚ್ಚಿ ಕಚ್ಚಿ ಕುಡಿಯುತ್ತಿತ್ತು.

ಇದ್ದಕ್ಕಿದ್ದ ಹಾಗೆ ಕರು ಚೀಪುವುದನ್ನು ನಿಲ್ಲಿಸಿತು. ಮುಂಗಾಲು ಮಡಿಸಿತು, ಕುಸಿಯಿತು. ಪಕ್ಕದ ಕರು ಗೋಡೆಗೆ ಒರಗಿ ಜಾರಿತು. ಅವಳಿಗೂ ತಲೆ ಗಿರ್ರೆಂದಿತು, ಕಣ್ಣು ಉರಿಯಿತು. ಬೊಟ್ಟಿನ ಕರುವನ್ನು ಕುತ್ತಿಗೆಗೆ ಕೈಹಾಕಿ ದರದರ ಎಳೆದುಕೊಂಡು ಮುಂಬಾಗಿಲಿನಾಚೆ ಬಯಲಿಗೆ ತಂದು ಕೆಡವಿದಳು. ಕರು ಸ್ವಲ್ಪ ಹೊತ್ತು ಹಾಗೇ ಬಿದ್ದಿದ್ದು, ಬುಸ್ಸೆಂದು ಉಸಿರೆಳೆಯಿತು. ಕಣ್ಣು ತೆರೆದು ಅವಳ ಬೆರಳಿಗಾಗಿ ಬಾಯಿ ಚಾಚಿತು.

ಭೇದಿಯಾದ ಕರು ಬಯಲಿಗೆ ಬಂದ ಮಾತ್ರಕ್ಕೆ ಹುಷಾರಾಗುತ್ತದೆಯೇ? ಥಂಡಿ ಹಿಡಿದ ಕರು?

ಕಲಕಿದಾಗಲೆಲ್ಲ ಸತ್ತ ಕರುಗಳು ಅವಳ ಕಣ್ಣ ಮುಂದೆ ಸಾಲಾಗಿ ಬಂದವು. ಎಲ್ಲವೂ ಗೋಡೆ ಬದಿಯವೇ. ಮುಖ ತಿರುಗಿಸಿ ಕೋಲು ತಿರುವುವ ಮೈಗಳ್ಳ ಕಣ್ಣ ಮುಂದೆ ಬಂದ. ಬಾಟಲಿ ಎಸೆದು ಓಡಿದಳು. ಚಪ್ಪಲಿ ಎಲ್ಲಿ ಬಿತ್ತೋ, ಸೆರಗು ಎಲ್ಲಿ ಸಿಕ್ಕಿಕೊಂಡಿತೋ ಅವಳಿಗೆ ತಿಳಿಯಲಿಲ್ಲ.

ಕಟ್ಟೆಯ ಮೇಲಿಂದ ನೋಡಿದರೆ ಮಗಳು ಮೂಲೆಯಲ್ಲಿ ಗೋಡೆಗೊರಗಿ ಕೂತಿದ್ದಳು, ಕತ್ತು ವಾಲಿತ್ತು. ಬಸ್ಸಿನಲ್ಲಿ ನಿದ್ದೆ ಹೋದವರ ಹಾಗೆ. ಫೋನು ಕಾಲ ಬಳಿ ಬಿದ್ದಿತ್ತು. ಮೆಟ್ಟಿಲಿಗೆ ಕಾಲಿಡುವಷ್ಟರಲ್ಲಿ ಹಿಂದಿನಿಂದ ಮೈಗಳ್ಳ ಬಂದು ಅವಳ ಸೊಂಟ ಹಿಡಿದು ಎತ್ತಿದ. ಅವಳು ಅವನ ಕೈ ಕಚ್ಚಿದಳು, ರಕ್ತ ಬಂತು. ಅವನು ಬಿಡಲಿಲ್ಲ.

"ಇಳೀಬೇಡಿ ಅಕ್ಕಾ. ಅಲ್ಲಿ ವಿಷದ ಗಾಳಿ ನಿಂತಿದೆ. ಇಳಿದೋರು ಮೇಲೆ ಬರಲ್ಲ."

"ನಿಂಗೆ ಗೊತ್ತಿತ್ತಾ?"

"ನಂಗಿಂತ ಮುಂಚೆ ಇದ್ದ ಪಂಪಿನೋನು ಅಲ್ಲೇ ಹೋಗಿದ್ದು. ಬಾಯಿಬಿಟ್ರೆ ಕೆಲಸ ಇರಲ್ಲ ಅಂದಿದ್ರು." ಅವನೂ ಅಳುತ್ತಿದ್ದ. "ನನ್ನ ಬಾಯಿಗೆ ಮಣ್ಣು ಹಾಕ."

ಮೈಗಳ್ಳ ಅಂತ ನಗೆಯಾಡಿದ್ದರಲ್ಲ, ಆ ಹೊತ್ತು ಅವನಿಗಿದ್ದ ಬಲ ನೋಡಬೇಕಿತ್ತು. ಟ್ರ್ಯಾಕ್ಟರು ನಿಲ್ಲಿಸಿ, ಗಾಳಿಯೆದ್ದು, ಮಳೆಹನಿ ಬಿದ್ದು, ಹಗ್ಗ ಕಟ್ಟಿಕೊಂಡು ಅವನೇ ಇಳಿದು ಗುಬ್ಬಿಯನ್ನು ಎತ್ತಿ ತರುವ ತನಕ ಕೂಗು ಕೇಳಿ ಓಡಿಬಂದ ಬೇರೆ ನಾಲ್ವರು ತಾಯಿಯನ್ನು ಹಿಡಿದಿದ್ದರು. ಮೇಲೆ ತಂದ ಮಗಳ ಬಾಯಿಗೆ ತಾಯಿ ಉಸಿರು ಊದಿದಳು, ಎದೆ ಉಜ್ಜಿದಳು, ಬಯಲಿಗೆ ಎಳೆದಳು. ಕರುವಿಗೆ ಬಂದ ಉಸಿರು ಮಗಳಿಗೆ ಬರಲಿಲ್ಲ.

ಆಸ್ಪತ್ರೆಯ ಡಾಕ್ಟರು ಬಿಡಿಸಿ ಹೇಳಿದರು. ಕೊಳೆತ ಸಗಣಿ ಕಲಕಿದಾಗ ಏಳುವ ಅನಿಲ ಅದು, ಗಾಳಿಗಿಂತ ಭಾರ, ತಗ್ಗಿನಲ್ಲಿ ನೀರಿನ ಹಾಗೆ ತುಂಬಿಕೊಳ್ಳುತ್ತದೆ. ಮೊದಲು ಕೊಳೆತ ಮೊಟ್ಟೆಯ ನಾತ ಬರುತ್ತದಂತೆ. ಅನಿಲ ಜಾಸ್ತಿಯಾದ ಕೂಡಲೇ ಮೂಗು ಸತ್ತು ವಾಸನೆ ನಿಂತುಹೋಗುತ್ತದಂತೆ. ಆಮೇಲೆ ಉಳಿಯುವುದು ಒಂದೆರಡು ಉಸಿರು. ತಾಯಿ ಎಲ್ಲ ಕೇಳಿ ತಲೆಯಾಡಿಸಿದಳು.

ಮ್ಯಾನೇಜರ್ ಮನೆಗೆ ಬಂದು ಕುರ್ಚಿಯ ತುದಿಯಲ್ಲಿ ಕೂತ. ಹುಡುಗಿ ಯಾರಿಗೂ ಹೇಳದೆ ಕದ್ದು ನುಗ್ಗಿದಳು ಅಂತ ಅಂದುಬಿಡಿ, ಈ ಮನೆ ಕೊನೆತನಕ ನಿಮ್ಮದೇ ಅಂದ. ಗುಂಪಿನವರೂ ಬಂದರು. ಮೇಷ್ಟರು ಕಟ್ಟು ಹಾಕಿದ ತೋಳಿನಲ್ಲೇ ಅವಳ ಕಾಲು ಮುಟ್ಟಿ, ಕಂಪನಿಯೇ ಕೊಂದಿತು ಅಂತ ಸಭೆಯಲ್ಲಿ ಹೇಳಿ ಎಂದು ಬೇಡಿದರು. ವಿಚಾರಣೆಗೆ ಬಂದ ಅಧಿಕಾರಿಯ ಎದುರು ಅವಳು ಎರಡನ್ನೂ ಹೇಳಲಿಲ್ಲ.

"ಅವಳು ಕದ್ದು ಹೋಗ್ಲಿಲ್ಲ. ಜಾಗ ತೋರಿಸಿದ್ದು ನಾನು. ಅಲ್ಲಿಗೆ ಯಾಕೆ ಹೋಗಬಾರದು ಅಂತ ಮನುಷ್ಯರು ಯಾರೂ ನಂಗೆ ಹೇಳ್ಲಿಲ್ಲ. ಕರುಗಳು ಹೇಳ್ತಾನೇ ಇದ್ವು. ನಂಗೆ ಗೊತ್ತಾಗ್ಲಿಲ್ಲ."

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ಗೋಡೆಯ ಮೇಲೆ ತಲೆಬುರುಡೆ ಬರೆದ ಹಲಗೆ ಬಂತು. ಕೊಳವೆಗೆ ಮೊಹರು ಬಿತ್ತು. ಗುಬ್ಬಿ ತೆಗೆದ ವಿಡಿಯೋ ಮನೆಮನೆಯ ಫೋನುಗಳಿಗೆ ಹೋಯಿತು. ಕಪ್ಪು ನೀರು ತೊರೆಗೆ ಹೋಗುವ ಕಾಲುವೆಗೆ ಧುಮುಕುವುದನ್ನು ಎಲ್ಲರೂ ನೋಡಿ ಅಯ್ಯೋ ಅಂದರು, ನೋಡಿದ ಮೇಲೆ ಕಾಫಿಗೆ ಹಾಲು ಕಾಯಿಸಿದರು. ಹಾಲಿನ ಲಾರಿ ಎಂದಿನಂತೆ ಬೆಳಿಗ್ಗೆ ಹೊರಡುತ್ತಿತ್ತು. ತಾಯಿ ಕ್ವಾರ್ಟರ್ಸ್ ಬಿಟ್ಟು ಪೇಟೆಯಲ್ಲಿ ಸಣ್ಣ ಕೋಣೆ ಹಿಡಿದಳು.

ಗುಂಪಿನವರು ವಿಡಿಯೋದ ಕೊನೆಯ ತುಂಡನ್ನು ಕತ್ತರಿಸಿದ್ದಾರೆಂದು ಅವಳಿಗೆ ತಿಳಿಯಿತು. ಮೇಷ್ಟರನ್ನು ಕರೆಸಿ, ಅದನ್ನು ತೋರಿಸಲೇಬೇಕು ಎಂದು ಹಟ ಹಿಡಿದಳು. ಬೇಡಿ ಅಮ್ಮ, ನೋಡೋಕಾಗಲ್ಲ ಅಂದರು. ಅವಳು ಕೈ ಚಾಚಿಕೊಂಡೇ ಕೂತಳು. ಮೇಷ್ಟರು ಫೋನು ಕೊಟ್ಟು ಕಿಟಕಿಯ ಕಡೆ ತಿರುಗಿ ನಿಂತರು.

ಟ್ರ್ಯಾಕ್ಟರಿನ ಸದ್ದು. ಕೊಳವೆಯಿಂದ ಸುರಿಯುವ ಕಪ್ಪು ನೀರು. ಮಗಳು ಪಿಸುಮಾತಿನಲ್ಲಿ, ಅಬ್ಬಾ ಏನು ನಾತ, ಮೊಟ್ಟೆ ಕೊಳೆತ ಹಾಗೆ, ತಡೆಯೋಕಾಗ್ತಿಲ್ಲ ಅನ್ನುತ್ತಾಳೆ. ಕೆಮ್ಮುತ್ತಾಳೆ. ಆಮೇಲೆ ಅವಳ ದನಿ ಹಗುರಾಗುತ್ತದೆ.

"ಹಾಂ, ವಾಸನೆ ಹೋಯ್ತು. ಏನೂ ಬರ್ತಿಲ್ಲ ಈಗ." ಸಣ್ಣಗೆ ನಗುತ್ತಾಳೆ. "ನಂಗೂ ಅಮ್ಮನ ಮೂಗೇ ಬಂತು ಅನ್ಸುತ್ತೆ."