ಹದಿನೇಳನೇ ಬಸ್ಸಿನ ಕಡತ

"ಆಯ್ತು, ನಿಮ್ಮ ಸಾಲನ್ನು ಕಡತದ ಕೊನೆಗೆ ಸೇರಿಸಿದ್ದೇನೆ" ಎಂದು ಪರದೆಯ ಮೇಲೆ ಮೂಡಿದ್ದನ್ನು ಗುಮಾಸ್ತೆ ಎರಡು ಸಲ ಓದಿದಳು. ಸೇರಿಸಿದ್ದೇನೋ ನಿಜ. ಆದರೆ ಅವಳು ಕೊಟ್ಟ ಸಾಲನ್ನಲ್ಲ. ಹದಿನೇಳನೇ ಬಸ್ಸಿಗೆ ಬ್ರೇಕು ಹಿಡಿಯುತ್ತಿಲ್ಲ ಎಂದು ಅವಳು ಬರೆಯಲು ಹೇಳಿದ್ದಳು. ಕಡತ ತೆರೆದರೆ, 'ವಾಹನದ ಬ್ರೇಕಿನ ಸ್ಪಂದನೆಯನ್ನು ಇನ್ನಷ್ಟು ಉತ್ತಮಪಡಿಸಲು ಅವಕಾಶವಿದೆ' ಎಂದು ಬಂದು ಕೂತಿತ್ತು. ಹಾಲು ಉಕ್ಕಿಸಿದವರು ಪಾತ್ರೆ ಸ್ವಲ್ಪ ಚಿಕ್ಕದಾಯಿತು ಅನ್ನುತ್ತಾರಲ್ಲ, ಅದೇ ಧಾಟಿ.

ಅವಳ ಹೆಗಲ ಹಿಂದಿನಿಂದ ಬಗ್ಗಿ ಓದುತ್ತಿದ್ದ ಡ್ರೈವರು ಅವಳ ಸೋದರಮಾವ. ಇಪ್ಪತ್ತೆರಡು ವರ್ಷ ಇದೇ ಡಿಪೋದಲ್ಲಿ ಸ್ಟೇರಿಂಗ್ ತಿರುಗಿಸಿದವನು. ಯಾವ ಬಸ್ಸಿನ ಸುದ್ದಿ ಇದು ಎಂದು ಕೇಳಿದ. ನಿನ್ನದೇ ಎಂದಳು.

"ನಂದಲ್ಲ ಬಿಡೇ ಪುಟ್ಟಿ. ನನ್ನ ಬಸ್ಸು ಮೂರು ಸಲ ತುಳಿಯೋಷ್ಟರಲ್ಲಿ ಬ್ರೇಕಿನ ಗಾಳಿ ಖಾಲಿ ಮಾಡ್ಕೊಳ್ಳುತ್ತೆ. ನಾಲ್ಕನೇ ಸಲ ಕಾಲು ತುಳಿಯುತ್ತೆ, ಬಸ್ಸು ಕೇಳಲ್ಲ. ಆಸ್ಪತ್ರೆ ಇಳಿಜಾರಲ್ಲಿ ಐದು ಸ್ಟಾಪಿದೆ. ಇಷ್ಟನ್ನ ಬರಿ, ಸಾಕು."

ಹಿಂದೆ ಆ ಮೇಜಿನ ಮೇಲೆ ದಪ್ಪ ರಟ್ಟಿನ ಪುಸ್ತಕವೊಂದಿತ್ತು, ದಾರ ಕಟ್ಟಿದ ಪೆನ್ನಿತ್ತು. ಡ್ರೈವರುಗಳು ಗ್ರೀಸು ಮೆತ್ತಿದ ಕೈಯಲ್ಲೇ ತಮ್ಮ ಬಸ್ಸಿನ ದೂರು ಗೀಚಿ ಹೋಗುತ್ತಿದ್ದರು. ಹನ್ನೊಂದು ತಿಂಗಳ ಹಿಂದೆ ಪುಸ್ತಕ ಹೋಯಿತು, ಒಂದೊಂದು ಬಸ್ಸಿಗೂ ಒಂದೊಂದು ಆನ್‌ಲೈನ್ ಕಡತ ಬಂತು. ಬಟನ್ನುಗಳಿರುವ ಚಂದದ ಆ್ಯಪ್ ಆಮೇಲೆ ಕಳಿಸುತ್ತೇವೆ ಎಂದ ಮುಖ್ಯ ಕಚೇರಿಯವರು ಈವರೆಗೆ ಕಳಿಸಿದ್ದು ಒಂದು ಕಪ್ಪು ಕಿಟಕಿಯನ್ನು ಮಾತ್ರ. ಅದರಲ್ಲಿ ಗುಮಾಸ್ತೆ ಒಂದು ಸಾಲಿನ ಆಜ್ಞೆ ಟೈಪು ಮಾಡಬೇಕು: ಇಂಥ ಬಸ್ಸಿನ ಕಡತಕ್ಕೆ ಇಂಥ ಮಾತು ಸೇರಿಸು. ಆಚೆ ಕಡೆ ಇರುವ ಎಐ ಏಜೆಂಟು ಹೋಗಿ ಕಡತದ ಕೊನೆಗೆ ಸೇರಿಸಿ ಬರುತ್ತದೆ. ಕೊನೆಗೆ ಮಾತ್ರ. ನಡುವೆ ತುರುಕುವಂತಿಲ್ಲ, ಇದ್ದದ್ದನ್ನು ಅಳಿಸುವಂತಿಲ್ಲ. ಏನು ಹೇಳಿದರೂ 'ಆಯ್ತು' ಎಂದೇ ಶುರುಮಾಡುತ್ತಿದ್ದುದರಿಂದ ಡ್ರೈವರುಗಳು ಅದಕ್ಕೆ ಆಯ್ತಪ್ಪ ಎಂದು ಹೆಸರಿಟ್ಟಿದ್ದರು.

ಆಯ್ತಪ್ಪನ ಜೊತೆಗೇ ಒಂದು ನಿಯಮವೂ ಬಂದಿತ್ತು. ಬಸ್ಸು ಹೊರಡುವ ಮುಂಚೆ ಗೇಟಿನವನು ತನ್ನ ಫೋನಿನಲ್ಲಿ ಆ ಬಸ್ಸಿನ ಕಡತದ ಕೊನೆಯ ಸಾಲು ನೋಡಬೇಕು. ಕೊನೆಯ ಸಾಲಿನಲ್ಲಿ ದೋಷವಿದ್ದರೆ ಗೇಟು ಮುಚ್ಚಿರಬೇಕು, ಓಡಿಸಬಹುದು ಎಂದಿದ್ದರೆ ತೆರೆಯಬೇಕು. ಗೇಟಿನಲ್ಲಿ ತಡೆದ ಬಸ್ಸಿಂದ ಮಾತ್ರ ಡ್ರೈವರು ಇಳಿಯಬಹುದು. ತಾನಾಗಿ ಇಳಿದರೆ ಅದು ಆಜ್ಞೆ ಮೀರಿದ್ದು. ಮಾವ ಹೋದ ತಿಂಗಳು ಹಾಗೆ ಇಳಿದು ಒಂದು ನೋಟೀಸು ತಿಂದಿದ್ದ. ಇನ್ನೊಂದು ಬಂದರೆ ಮನೆಗೆ. ರಜೆ ಹಾಕಿಬಿಡು ಎಂದು ಅತ್ತೆ ಬೆಳಿಗ್ಗೆ ಹೇಳಿದ್ದಳಂತೆ. ತಾನು ಇಳಿದರೆ ಇನ್ನೊಬ್ಬನನ್ನು ಹತ್ತಿಸುತ್ತಾರೆ, ಆ ಇನ್ನೊಬ್ಬನಿಗೆ ಇಲ್ಲ ಅನ್ನುವ ಧೈರ್ಯವೂ ಇರುವುದಿಲ್ಲ ಎಂದು ಇವನು ಬಂದಿದ್ದ.

ದೂರುಗಳು ಹೀಗೆ ನಯವಾಗುತ್ತಿದ್ದುದಕ್ಕೆ ಆಯ್ತಪ್ಪನನ್ನು ಬೈದು ಪ್ರಯೋಜನವಿರಲಿಲ್ಲ. ಡಿಪೋ ಮ್ಯಾನೇಜರೇ ಎರಡು ತಿಂಗಳ ಹಿಂದೆ ಅದಕ್ಕೆ ಹಾಗೆ ಹೇಳಿಟ್ಟಿದ್ದರು: ಯಾರ ಮಾತೇ ಬರಲಿ, ಸೌಮ್ಯ ಭಾಷೆಗೆ ತಿರುಗಿಸಿ ಸೇರಿಸು. ಡಿಪೋದಲ್ಲಿ ಒಂದು ಟ್ರಿಪ್ಪೂ ತಪ್ಪದೆ ತೊಂಬತ್ತಾರು ದಿನಗಳಾಗಿದ್ದವು. ನೂರು ತುಂಬಿದರೆ ಮುಖ್ಯ ಕಚೇರಿಯಿಂದ ಪ್ರಶಸ್ತಿ ಫಲಕ ಬರುತ್ತದೆ. ಮೂರು ಬಸ್ಸು ಆಗಲೇ ಷೆಡ್ಡಿನಲ್ಲಿ ಮಲಗಿದ್ದವು, ನಾಲ್ಕನೆಯದಕ್ಕೆ ಬದಲಿ ಇರಲಿಲ್ಲ. ಹದಿನೇಳರ ಬಿಡಿಭಾಗ ಬರಲು ಇನ್ನೂ ನಾಲ್ಕು ದಿನ ಎಂದು ಮೆಕ್ಯಾನಿಕ್ ಹೇಳಿದ್ದ.

ಇದೆಲ್ಲ ಗುಮಾಸ್ತೆಗೆ ಎರಡು ತಿಂಗಳಿಂದ ಗೊತ್ತಿತ್ತು. ಗೊತ್ತಿದ್ದೂ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಅವಳ ಕೆಲಸ ಖಾಯಂ ಆಗುವ ಕಾಗದಕ್ಕೆ ಮ್ಯಾನೇಜರ ಸಹಿ ಬೀಳಬೇಕಿತ್ತು. ಈಗ ಮಾವ ಹಿಂದೆ ನಿಂತು ಉಸಿರಾಡುತ್ತಿರುವಾಗ ಅವಳಿಗೆ ನಾಚಿಕೆಯಾಯಿತು, ಬೆನ್ನಲ್ಲೇ ಸಿಟ್ಟೂ ಬಂತು. ಮೊದಲು ತನ್ನ ಮೇಲೆ.

ಅವಳು ಮಾವನ ಮಾತನ್ನು ಅವನ ಬಾಯಿಂದ ಬಂದ ಹಾಗೇ ಟೈಪು ಮಾಡಿದಳು. ಒಂದಕ್ಷರವನ್ನೂ ಬದಲಿಸದೆ ಸೇರಿಸು ಎಂದು ಆಜ್ಞೆ ಕೊಟ್ಟಳು. ಇದು ಸ್ವಲ್ಪ ಕಟುವಾಗಿದೆ, ಮೃದುವಾಗಿಸಲೇ ಎಂದು ಆಯ್ತಪ್ಪ ವಿನಯದಿಂದ ಕೇಳಿತು. 'ಬೇಡ' ಎಂದು ಒತ್ತಿದಳು. ಕೊನೆಗೆ ಯಾರು ಏನು ಹೇಳಿದರೋ ಅದಕ್ಕೇ ಆಯ್ತು ಎನ್ನುವ ಆಯ್ತಪ್ಪ ಸಾಲನ್ನು ಇದ್ದ ಹಾಗೇ ಸೇರಿಸಿತು.

"ಗೇಟಿಗೆ ಹೋಗು ಮಾವ. ನಿಧಾನ."

ಅಂಗಳ ಚಪ್ಪಟೆಯಾಗಿದ್ದುದರಿಂದ ಹದಿನೇಳು ಮನುಷ್ಯ ನಡೆಯುವ ವೇಗದಲ್ಲಿ ಉರುಳಿ ಗೇಟಿನ ಮುಂದೆ ನಿಂತಿತು. ಗೇಟಿನವನು, ಎಲ್ಲರೂ ಗೇಟಿನಣ್ಣ ಎಂದು ಕರೆಯುವ ಆ ಹಿರಿಯ, ಫೋನನ್ನು ಕಣ್ಣಿಂದ ಒಂದು ಮೊಳ ದೂರ ಹಿಡಿದು ಓದಿದ, ಚಿಲಕ ತೆಗೆಯಲಿಲ್ಲ. ಹಿಂದೆ ಆರು ಬಸ್ಸುಗಳು ಬಂದು ಸಾಲುಗಟ್ಟಿದವು. ಕಿಟಕಿಯಿಂದ ನೋಡುತ್ತಿದ್ದ ಗುಮಾಸ್ತೆಗೆ ಎದೆ ಹಗುರಾಯಿತು.

ಹಗುರಾದದ್ದು ಎರಡು ನಿಮಿಷ. ಪಕ್ಕದ ತಮ್ಮ ಗಾಜಿನ ಕೋಣೆಯಲ್ಲಿ ಮ್ಯಾನೇಜರು ಕೀಲಿಮಣೆಯ ಮೇಲೆ ಬಗ್ಗಿದ್ದರು. 'ಪರಿಶೀಲಿಸಲಾಗಿದೆ, ಓಡಿಸಬಹುದು' ಎಂಬ ಸಾಲು ಕಡತದ ತಳದಲ್ಲಿ ಕಾಣಿಸಿಕೊಂಡಿತು. ಅವರಿಗೂ ಆಯ್ತಪ್ಪ ಆಯ್ತು ಎಂದಿತ್ತು. ಗೇಟಿನಣ್ಣ ಚಿಲಕಕ್ಕೆ ಕೈ ಹಾಕಿದ. ಇವಳು ಮಾವನ ಮಾತನ್ನು ಮತ್ತೆ ಸೇರಿಸಿದಳು. ಅವನು ಕೈ ತೆಗೆದ. ಮ್ಯಾನೇಜರು ಓಡಿಸಬಹುದು ಎಂದರು. ಇವಳು ಗಾಳಿ ಖಾಲಿ ಎಂದಳು. ಅವರು ಸುರಕ್ಷಿತ ಎಂದರು. ಇವಳು ಪರಿಶೀಲಿಸಿದ್ದು ಯಾರು, ಮೆಕ್ಯಾನಿಕ್ ಮುಟ್ಟಿಯೂ ಇಲ್ಲ ಎಂದಳು. ಗೇಟಿನಣ್ಣನ ಕೈ ಚಿಲಕಕ್ಕೂ ಫೋನಿಗೂ ಅಲೆದು ಸೋತಿತು. ಜಗಳಗಂಟಿ ಅತ್ತೆಗೂ ಸೊಸೆಗೂ ನಡುವೆ ಸಿಕ್ಕ ಗಂಡಸಿನ ಮುಖ ಅವನದು. ಆಯ್ತಪ್ಪ ಮಾತ್ರ ಇಬ್ಬರಿಗೂ ಬೇಸರವಿಲ್ಲದೆ ಆಯ್ತು, ಆಯ್ತು ಎನ್ನುತ್ತಿತ್ತು.

ಒಂಬತ್ತನೇ ಸಾಲಿಗೆ ಮ್ಯಾನೇಜರು ಗಾಜಿನ ಕೋಣೆಯಿಂದ ಹೊರಗೆ ಬಂದರು. ಕೂಗಾಡುವ ಮನುಷ್ಯರಲ್ಲ. ಕುರ್ಚಿ ಎಳೆದು ಅವಳ ಪಕ್ಕ ಕೂತು, ಮನೆಯ ಹಿರಿಯರ ಹಾಗೆ ಮಾತಾಡಿದರು. ನಾಲ್ಕು ದಿನದ ಮಾತು. ಅಷ್ಟು ವರ್ಷ ಓಡಿಸಿದವನಿಗೆ ಗೇರಿನಲ್ಲೇ ಬಸ್ಸು ನಿಲ್ಲಿಸುವುದು ಗೊತ್ತಿಲ್ಲವೇ. ಫಲಕ ಬಂದರೆ ಎಲ್ಲರಿಗೂ ಹೆಸರು.

"ನಿನ್ನ ಖಾಯಂ ಕಾಗದ ನನ್ನ ಮೇಜಿನ ಮೇಲೇ ಇದೆಯಮ್ಮ" ಎಂದರು ಕೊನೆಗೆ.

"ಅಲ್ಲೇ ಇರ್ಲಿ ಸಾರ್. ಕಾಗದಕ್ಕೆ ಬ್ರೇಕು ಬೇಕಾಗಿಲ್ಲ" ಎಂದಳು. ಅವರ ಎದುರಿಗೇ ಹತ್ತನೇ ಸಾಲು ಒತ್ತಿದಳು.

ಮ್ಯಾನೇಜರು ಎದ್ದು ಒಳಗೆ ಹೋದರು. ಅವರು ಮತ್ತೆ ಬರೆಯುವ ಮೊದಲೇ ಅವಳು ಹನ್ನೊಂದನೆಯದಕ್ಕೆ ಕೈ ಹಾಕಿದಾಗ ಆಯ್ತಪ್ಪ ಮೊದಲ ಬಾರಿಗೆ ಆಯ್ತು ಎನ್ನಲಿಲ್ಲ. 'ಕ್ಷಮಿಸಿ, ಈ ಕಡತಕ್ಕೆ ಬರೆಯುವ ಅನುಮತಿ ನಿಮಗೆ ಈಗ ಇಲ್ಲ. ನೀವು ಇದನ್ನು ಓದಬಹುದು' ಎಂದಿತು. ಅದರ ಬೆನ್ನಿಗೇ ಕಡತದ ತಳದಲ್ಲಿ 'ಓಡಿಸಬಹುದು' ಎಂಬ ಸಾಲು ಬಂದು ಕಾಲು ಚಾಚಿ ಕೂತಿತು. ಅದರ ಕೆಳಗೆ ಮ್ಯಾನೇಜರ ಹೊರತು ಇನ್ನು ಯಾರೂ ಏನೂ ಬರೆಯುವಂತಿರಲಿಲ್ಲ.

ಅವಳಿಗೆ ಅಳು ಬಂತು. ಅಳುತ್ತ ಕೂರಲು ಪುರುಸೊತ್ತಿರಲಿಲ್ಲ. ಕುರ್ಚಿ ತಳ್ಳಿ, ಮೆಟ್ಟಿಲಿಳಿದು, ಸಾಲುಗಟ್ಟಿದ್ದ ಬಸ್ಸುಗಳ ಪಕ್ಕದಲ್ಲಿ ಡೀಸೆಲ್ ಹೊಗೆ ಸೀಳಿಕೊಂಡು ಓಡಿದಳು. ಹಿಂದಿನ ಡ್ರೈವರುಗಳು ಹಾರನ್ನು ಬಿಡದೆ ಒತ್ತುತ್ತಿದ್ದರು. ಗೇಟಿನಣ್ಣ ಚಿಲಕ ಅರ್ಧ ಎಳೆದಿದ್ದ. ಮಾವ ಸೀಟಿನಲ್ಲಿ ನೆಟ್ಟಗೆ ಕೂತು ಎದುರಿನ ರಸ್ತೆಯನ್ನೇ ನೋಡುತ್ತಿದ್ದ.

"ನನ್ನ ಕೈಲಿ ಬರೆಯೋಕ್ಕಾಗಲ್ಲ ಅಣ್ಣ, ಕಿತ್ಕೊಂಡ್ರು" ಎಂದಳು, ಏದುಸಿರು ಬಿಡುತ್ತ. "ಓದೋದನ್ನ ಯಾರೂ ಕಿತ್ಕೊಂಡಿಲ್ಲ. ಮೇಲಿಂದ ಓದಿ. ಜೋರಾಗಿ ಓದಿ."

ಗೇಟಿನಣ್ಣ ಅವಳನ್ನೊಮ್ಮೆ ನೋಡಿದ, ಸ್ಟೇರಿಂಗಿನ ಹಿಂದೆ ಕೂತವನನ್ನೊಮ್ಮೆ ನೋಡಿದ. ಚಿಲಕವನ್ನು ಮತ್ತೆ ಒಳಕ್ಕೆ ತಳ್ಳಿದ. ಹೆಬ್ಬೆರಳಿನಿಂದ ಪರದೆಯನ್ನು ಎಳೆಯುತ್ತ, ಎಳೆಯುತ್ತ, ಕಡತದ ತಲೆಯವರೆಗೆ ಹೋದ. ಆಮೇಲೆ ಗಂಟಲು ಸರಿಮಾಡಿಕೊಂಡು, ತಾರೀಖಿನ ಸಮೇತ ಮೊದಲ ಸಾಲು ಓದಿದ. ಬಾಗಿಲ ರಬ್ಬರು ಹರಿದಿದೆ. ಎರಡನೆಯದು ಓದಿದ. ಎಡ ದೀಪ ಉರಿಯುತ್ತಿಲ್ಲ. ಮೂರನೆಯದು, ಬ್ರೇಕಿನ ಗಾಳಿ ನಿಧಾನ ಏರುತ್ತಿದೆ.

ಏನು ಓದುತ್ತಿದ್ದಾನೆಂದು ಹಿಂದಿನ ಬಸ್ಸಿನ ಡ್ರೈವರಿಗೆ ಕೇಳಿಸಲಿಲ್ಲ. ಹಾರನ್ ಒತ್ತುವುದನ್ನು ಬಿಟ್ಟ. ಆಗಲೂ ಕೇಳಿಸದೆ ಎಂಜಿನ್ ಆರಿಸಿದ. ಅವನ ಹಿಂದಿನವನೂ ಆರಿಸಿದ. ಕಂಡಕ್ಟರುಗಳು ಇಳಿದು ಬಂದು ಗೇಟಿನ ಸುತ್ತ ನಿಂತರು. ಷೆಡ್ಡಿನಿಂದ ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ ಬಂದ.

ಮ್ಯಾನೇಜರು ಅಂಗಳ ದಾಟಿ ಬರುವಷ್ಟರಲ್ಲಿ ಗೇಟಿನಣ್ಣ ಕಡತದ ಎರಡನೇ ತಿಂಗಳಿನ ಸಾಲುಗಳಿಗೆ ಬಂದಿದ್ದ. ಬರುತ್ತಲೇ ಅವರು, ಕೊನೆ ಸಾಲು ನೋಡಿ ಗೇಟು ತೆಗೆಯಬೇಕೆಂಬ ನಿಯಮ ಗೊತ್ತಿಲ್ಲವೇ ಎಂದು ಕೇಳಿದರು.

"ಗೊತ್ತು ಸಾರ್, ಕೊನೆ ಸಾಲು ನೋಡೇ ನೋಡ್ತೀನಿ" ಎಂದ ಗೇಟಿನಣ್ಣ. "ಇನ್ನೂ ಅಲ್ಲಿಗೆ ಬಂದಿಲ್ಲ."

ಮಾವ ಹ್ಯಾಂಡ್ ಬ್ರೇಕ್ ಎಳೆದು ಎಂಜಿನ್ ಆರಿಸಿದ. ಅವನ ಕೈ ಸ್ಟೇರಿಂಗಿನ ಮೇಲೇ ಇತ್ತು. ಅಂಗಳದಲ್ಲಿ ಈಗ ಒಂದು ಎಂಜಿನ್ನೂ ಓಡುತ್ತಿರಲಿಲ್ಲ. ಗೇಟಿನಣ್ಣ ಫೋನಿನ ಗಾಜನ್ನು ಅಂಗಿಯ ಚುಂಗಿಗೆ ಒರೆಸಿ, ದೂರ ಹಿಡಿದು, ಮುಂದಿನ ಸಾಲನ್ನು ಎಲ್ಲಿಯೂ ಅವಸರಪಡದೆ ಓದತೊಡಗಿದ.